ಆನ್‌ಲೈನ್‌ನಲ್ಲಿ "ರಾಜರ ಕಾಲದ" ಪೀಚೆಕತ್ತಿ: ಹಣ ಕಳಿಸುವ ಮುನ್ನ ಏನೇನು ನೋಡಬೇಕು?

ಕಕ್ಕಬ್ಬೆ_ಕಾಫಿ

ತಮ್ಮನ ಮದುವೆ ಹತ್ತಿರ ಬಂದಿದೆ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಬಾಕು ಪೀಚೆಕತ್ತಿ; ನಮ್ಮ ಮನೆತನದ ಹಳೆಯದು ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿದೆ, ಅದನ್ನು ಎಲ್ಲರೂ ಸರದಿಯಂತೆ ತಂದು ಬಳಸುತ್ತಾರೆ. ನಮ್ಮ ಮನೆಗೂ ಒಂದು ಇರಲಿ, ಹೊಸದಕ್ಕಿಂತ ಹಳೆಯದೇ ಸಿಕ್ಕರೆ ಒಳ್ಳೆಯದು ಎಂದು ಹುಡುಕುತ್ತಿದ್ದೇನೆ. ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಅದರಲ್ಲಿ ಬರೆದಿರುವುದು ಹೀಗೆ: "1750ರ ಪೀಚೆಕತ್ತಿ, ದೊಡ್ಡವೀರರಾಜೇಂದ್ರ ಮಹಾರಾಜರ ಖಜಾನೆಯದು, ಆನೆದಂತದ ಹಿಡಿ, ಅಪ್ಪಟ ಬೆಳ್ಳಿಯ ಒರೆ, ಕಾರ್ಬನ್ ಪರೀಕ್ಷೆಯ ಪ್ರಮಾಣಪತ್ರ ಇದೆ. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬ ಮಾರುತ್ತಿದೆ." ಬೆಲೆ 45,000 ರೂಪಾಯಿ. ಇಂದೇ ಅರ್ಧ ಹಣ ಕಳಿಸಿದರೆ ಬೇರೆಯವರಿಗೆ ಕೊಡುವುದಿಲ್ಲವಂತೆ. ಮೂರು ಚಿತ್ರಗಳಿವೆ, ಎಲ್ಲವೂ ಕೆಂಪು ಬಟ್ಟೆಯ ಮೇಲೆ ತೆಗೆದವು. ತಿಳಿದವರು ದಯವಿಟ್ಟು ಹೇಳಿ.

ಇತಿಹಾಸದ_ಮೇಷ್ಟರು

ಕತ್ತಿಯನ್ನು ಆಮೇಲೆ ನೋಡೋಣ, ಮೊದಲು ಆ ಸಾಲನ್ನು ಓದಿ. 1750ರಲ್ಲಿ ದೊಡ್ಡವೀರರಾಜೇಂದ್ರ ಕೊಡಗಿನ ರಾಜನಾಗಿರಲಿಲ್ಲ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಮೇಲೆ ಟಿಪ್ಪುವಿನ ಪಡೆಗಳನ್ನು ಹಿಮ್ಮೆಟ್ಟಿಸಿ ನಾಡನ್ನು ಮರಳಿ ಪಡೆದವನು ಅವನು, ತೀರಿಕೊಂಡದ್ದು 1809ರಲ್ಲಿ. ನಾಲ್ಕುನಾಡಿನ ಅರಮನೆ ಕಟ್ಟಿಸಿದ್ದೂ 1790ರ ದಶಕದಲ್ಲಿ. ಅಂದರೆ ಮಾರುವವನಿಗೆ ಕೊಡಗಿನ ಇತಿಹಾಸದ ಮೊದಲ ಪುಟವೂ ಗೊತ್ತಿಲ್ಲ, ಅಥವಾ ಕೊಳ್ಳುವವರಿಗೆ ಗೊತ್ತಿರುವುದಿಲ್ಲ ಎಂಬ ಧೈರ್ಯ ಅವನಿಗಿದೆ.

ಇಂಥ ಜಾಹೀರಾತುಗಳಲ್ಲಿ ಇಸವಿಯೇ ಮೊದಲು ಸೋಲುವುದು. "1820ರ ಕೊಡಗಿನ ಕಾಫಿ ಪ್ಲಾಂಟರ್ ಬಂಗಲೆಯ ಗಡಿಯಾರ" ಎಂಬ ಜಾಹೀರಾತನ್ನೂ ನೋಡಿದ್ದೇನೆ. ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ ಆರಂಭವಾದದ್ದು 1854ರಲ್ಲಿ. ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ನಾಡನ್ನು ವಶಪಡಿಸಿಕೊಂಡದ್ದೇ 1834ರಲ್ಲಿ. 1820ರಲ್ಲಿ ಇಲ್ಲಿ ಯಾವ ಪ್ಲಾಂಟರ್, ಯಾವ ಬಂಗಲೆ? ಇನ್ನೊಂದು ಕಡೆ ಹಿತ್ತಾಳೆಯ ಬಿಲ್ಲೆಯೊಂದರ ಮೇಲೆ "ಕರ್ನಾಟಕ ಸರ್ಕಾರ, ಕೊಡಗು, 1952" ಎಂದು ಕೆತ್ತಲಾಗಿತ್ತು. 1952ರಲ್ಲಿ ಕೊಡಗು ತನ್ನದೇ ವಿಧಾನಸಭೆ ಇದ್ದ ಪ್ರತ್ಯೇಕ ರಾಜ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.

ಇನ್ನು ಆ ಭೂಕುಸಿತದ ಮಾತು. ಮುಕ್ಕೋಡ್ಲು, ಮಕ್ಕಂದೂರು, ಜೋಡುಪಾಲದ ಕಡೆ ಜನ ನಿಜವಾಗಿಯೂ ಮನೆಮಠ ಕಳೆದುಕೊಂಡರು. ಆ ನೋವನ್ನು ಯಾರೋ ಒಬ್ಬರು ಸರಕಿನ ಜೊತೆ ಮಾರಾಟಕ್ಕಿಟ್ಟಿರುವುದನ್ನು ಕಂಡರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಅಕ್ಕಸಾಲಿ_ವಿರಾಜಪೇಟೆ

ನಮ್ಮ ತಂದೆಯ ಕಾಲದಿಂದ ಪೀಚೆಕತ್ತಿಗಳ ಒರೆ, ಸರಪಳಿ ರಿಪೇರಿ ಮಾಡುತ್ತ ಬಂದ ಮನೆ ನಮ್ಮದು. ಚಿತ್ರ ನೋಡಿ ಇದು ಅಸಲಿ ಎಂದು ಯಾರೂ ಹೇಳಲಾರರು. ಆದರೆ ಚಿತ್ರ ನೋಡಿ ಇದು ನಕಲಿ ಎಂದು ಎಷ್ಟೋ ಸಲ ಹೇಳಬಹುದು.

ಹಳೆಯ ಪೀಚೆಕತ್ತಿಯ ಅಲಗು ಕಮ್ಮಾರ ಕುಲುಮೆಯಲ್ಲಿ ಬಡಿದದ್ದು. ಬೆನ್ನು ದಪ್ಪ, ಬಾಯಿ ತೆಳು, ಎರಡೂ ಬದಿ ಒಂದೇ ಅಚ್ಚಿನಲ್ಲಿ ಇರುವುದಿಲ್ಲ. ಮೇಲೆ ಕಪ್ಪು ಛಾಯೆ, ಅಲ್ಲಲ್ಲಿ ತುಕ್ಕು ತಿಂದ ಸಣ್ಣ ಗುಳಿ. ಕನ್ನಡಿಯಂತೆ ಹೊಳೆಯುವ, ಒಂದು ಚುಕ್ಕೆಯೂ ಇಲ್ಲದ ಅಲಗನ್ನು ಇನ್ನೂರು ವರ್ಷದ್ದೆಂದು ತೋರಿಸಿದರೆ ಅದು ಬಹುಪಾಲು ಸ್ಟೇನ್‌ಲೆಸ್ ಸ್ಟೀಲ್. ಆ ಲೋಹ ಬಳಕೆಗೆ ಬಂದದ್ದೇ 20ನೆಯ ಶತಮಾನದಲ್ಲಿ.

ಒರೆಯ ಮೇಲಿನ ಬೆಳ್ಳಿಯ ತಗಡನ್ನು ಹಿಂದಿನವರು ಸಣ್ಣ ಉಳಿಯಿಂದ ಒಂದೊಂದೇ ಏಟು ಹಾಕಿ ಕೆತ್ತುತ್ತಿದ್ದರು. ಎರಡು ಹೂವು ಒಂದೇ ರೀತಿ ಬರುವುದಿಲ್ಲ, ಒಂದರ ಎಸಳು ಸ್ವಲ್ಪ ಓರೆಯಾಗಿರುತ್ತದೆ. ಯಂತ್ರದ ಅಚ್ಚಿನಲ್ಲಿ ಒತ್ತಿದ ತಗಡಿನಲ್ಲಿ ಎಲ್ಲ ಹೂವೂ ತದ್ರೂಪ, ಗೆರೆಗಳ ಅಂಚು ಮೊಂಡು. ಲೇಸರ್‌ನಿಂದ ಕೆತ್ತಿದ್ದರೆ ಗೆರೆಯ ತಳ ಸಮತಟ್ಟಾಗಿ ಸುಟ್ಟ ಬಣ್ಣದಲ್ಲಿರುತ್ತದೆ. ಹತ್ತಿರದಿಂದ ತೆಗೆದ ಚಿತ್ರ ಕೇಳಿ. "ಜರ್ಮನ್ ಸಿಲ್ವರ್" ಎಂದರೆ ತಾಮ್ರ, ಸತು, ನಿಕ್ಕಲ್ ಬೆರೆತದ್ದು. ಅದರಲ್ಲಿ ಬೆಳ್ಳಿಯ ಕಣವೂ ಇಲ್ಲ. ಇದು ಗೊತ್ತಿಲ್ಲದೆ ಬೆಳ್ಳಿಯ ಬೆಲೆ ಕೊಟ್ಟು ತಂದವರು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತಾರೆ.

ಮುಖ್ಯವಾದದ್ದು ಸವೆತ. ಕೈ ತಾಗುವ ಕಡೆ ಸವೆಯುತ್ತದೆ, ತಾಗದ ಕಡೆ ಸವೆಯುವುದಿಲ್ಲ. ಸೊಂಟಕ್ಕೆ ಸುತ್ತುವ ಚೇಲೆ ಎಂಬ ಬಟ್ಟೆಗೆ ಸಿಕ್ಕಿಸಿದಾಗ ಒರೆಯ ಹಿಂಬದಿ ಬಟ್ಟೆಗೆ ಉಜ್ಜಿ ನುಣುಪಾಗಿರಬೇಕು, ಮುಂಬದಿಯ ಕೆತ್ತನೆ ಹೆಚ್ಚು ಉಳಿದಿರಬೇಕು. ಸರಪಳಿಯ ಬಳೆಗಳು ಒಂದಕ್ಕೊಂದು ತೇಯ್ದು ತೆಳುವಾಗಿರಬೇಕು. ನಕಲಿಯಲ್ಲಿ ಎಲ್ಲ ಕಡೆಯೂ ಒಂದೇ ಸಮನೆ ಕಪ್ಪು ಬಳಿದಿರುತ್ತಾರೆ, ಸರಪಳಿ ಮಾತ್ರ ನಿನ್ನೆ ಮಾಡಿದಂತಿರುತ್ತದೆ. ಕಂಚು, ಹಿತ್ತಾಳೆಗೂ ಇದೇ ಮಾತು. ಹುಣಸೆಹುಳಿ, ನವಸಾಗರ, ಆಸಿಡ್ ಹಚ್ಚಿ ತಿಪ್ಪೆಯಲ್ಲಿ ಕೆಲವು ವಾರ ಹೂತಿಟ್ಟರೆ ಹಸಿರು ಕಿಲುಬು ಬರುತ್ತದೆ. ಆ ಕಿಲುಬು ಪುಡಿಪುಡಿಯಾಗಿ ಉಗುರಿಗೆ ಬರುತ್ತದೆ, ಕೆಳಗೆ ಹೊಸ ಲೋಹ ಹಳದಿಯಾಗಿ ಮಿನುಗುತ್ತದೆ. ಕಾಲ ಕಳೆದು ಬಂದ ಕಿಲುಬಿನ ಕೆಳಗೆ ಕೆಂಗಂದು ಪದರವೊಂದು ಗಟ್ಟಿಯಾಗಿ ಕೂತಿರುತ್ತದೆ. ಬರಿಯ ಬಣ್ಣ ಬಳಿದಿದ್ದರೆ ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿದ ಹತ್ತಿಗೆ ಹತ್ತಿಬಿಡುತ್ತದೆ.

ಒಡಿಕತ್ತಿ, ಅಂದರೆ ಕೊಡವರ ಅಗಲವಾದ ಬಾಗುಕತ್ತಿ, ಕೊಳ್ಳುವವರಿಗೂ ಒಂದು ಮಾತು. ಅದರ ಹರಿತ ಇರುವುದು ಒಳಬಾಗಿದ ಬದಿಯಲ್ಲಿ. ಅದನ್ನು ಒರೆಯಿಲ್ಲದೆ ಬೆನ್ನ ಹಿಂದೆ ಕಟ್ಟುವ ತೊಡಂಗ್ ಎಂಬ ಲೋಹದ ಹಿಡಿಕೆಗೆ ಸಿಕ್ಕಿಸುತ್ತಾರೆ. "ಮೂಲ ಚರ್ಮದ ಒರೆಸಹಿತ ಪುರಾತನ ಒಡಿಕತ್ತಿ" ಎಂದು ಬರೆದವನು ಕೊಡವರ ಮದುವೆಯನ್ನೇ ನೋಡಿರಲಾರ.

ಗೋಣಿಕೊಪ್ಪದ_ವಕೀಲೆ

ಎಲ್ಲರೂ ಅಸಲಿಯೋ ನಕಲಿಯೋ ಎಂದು ಕೇಳುತ್ತಿದ್ದೀರಿ. ಆ ಜಾಹೀರಾತಿನಲ್ಲಿರುವ "ಆನೆದಂತದ ಹಿಡಿ" ಎಂಬ ಮಾತಿಗೆ ನಿಲ್ಲಿ. ಅದು ನಕಲಿಯಾದರೆ ಮೋಸ, ಅಸಲಿಯಾದರೆ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರ ನಿಂತಿತು, 1991ರಲ್ಲಿ ಆಫ್ರಿಕಾದಿಂದ ಬಂದ ದಂತಕ್ಕೂ ನಿಷೇಧ ಬಂತು. ಪಿತ್ರಾರ್ಜಿತವಾಗಿ ಬಂದ ದಂತಕ್ಕೆ ಅರಣ್ಯ ಇಲಾಖೆಯ ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಅದನ್ನು ಮಾರುವಂತಿಲ್ಲ, ಉತ್ತರಾಧಿಕಾರಿಗೆ ಹೋಗಬಹುದು ಅಷ್ಟೆ. ಹುಲಿ ಉಗುರಿನ ಪದಕ, ಜಿಂಕೆಕೊಂಬಿನ ಹಿಡಿ, ಕಾಟಿ (ಕಾಡುಕೋಣ) ತಲೆ, ಎಲ್ಲಕ್ಕೂ ಇದೇ ಎಚ್ಚರ ಬೇಕು. ಕೊಡಗಿನ ಹಳೆಯ ಮನೆಗಳ ಗೋಡೆಯ ಮೇಲೆ ಇವು ಇರುವುದರಿಂದ ಮಾರುವುದೂ ಸಹಜ ಎಂದು ಜನ ತಿಳಿಯುತ್ತಾರೆ. ಸಹಜವಲ್ಲ.

ಇನ್ನು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ. ಇದು 1976ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನೂರು ವರ್ಷ ತುಂಬಿದ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಪ್ರಾಚ್ಯವಸ್ತುಗಳನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ಸರ್ಕಾರ ಅಧಿಸೂಚನೆ ಹೊರಡಿಸಿದ ವರ್ಗಗಳ ವಸ್ತು, ಉದಾಹರಣೆಗೆ ಕಲ್ಲಿನ ಅಥವಾ ಲೋಹದ ವಿಗ್ರಹ, ನಿಮ್ಮ ಮನೆಯಲ್ಲಿದ್ದರೆ ನೋಂದಣಿ ಅಧಿಕಾರಿಯ ಬಳಿ ಚಿತ್ರಸಹಿತ ನೋಂದಾಯಿಸಬೇಕು, ಕೈ ಬದಲಾದಾಗ ತಿಳಿಸಬೇಕು. ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ.

ಆದ್ದರಿಂದ ಮಾರುವವನಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಹಳೆಯದು" ಅಲ್ಲ. "ಪರವಾನಗಿ ತೋರಿಸಿ, ನೋಂದಣಿ ತೋರಿಸಿ, ಇದು ನಿಮ್ಮ ಕೈಗೆ ಯಾರಿಂದ ಬಂತು, ರಸೀದಿ ಇದೆಯೇ" ಎಂದು ಕೇಳಿ. ನೂರು ವರ್ಷಕ್ಕಿಂತ ಹಳೆಯದು ಎಂದು ಜಾಹೀರಾತಿನಲ್ಲಿ ಕೂಗಿ ಹೇಳುವವನು ಕಾಗದ ಕೇಳಿದೊಡನೆ "ಇದು ಬರೀ ಅಲಂಕಾರದ ವಸ್ತು" ಎನ್ನತೊಡಗಿದರೆ ನಿಮಗೆ ಉತ್ತರ ಸಿಕ್ಕಿತು.

ಸೋಮವಾರಪೇಟೆ_ಓದುಗ

ಆದರೆ ಕಾರ್ಬನ್ ಪರೀಕ್ಷೆಯ ಪ್ರಮಾಣಪತ್ರ ಇದೆ ಎನ್ನುತ್ತಾರಲ್ಲ, ಅದಕ್ಕೆ ಬೆಲೆ ಇಲ್ಲವೇ?

ಇತಿಹಾಸದ_ಮೇಷ್ಟರು

ಕಾರ್ಬನ್ ಪರೀಕ್ಷೆ ಒಂದು ಕಾಲದಲ್ಲಿ ಜೀವವಿದ್ದ ಪದಾರ್ಥಕ್ಕೆ: ಮರ, ಇದ್ದಿಲು, ಎಲುಬು, ಬಟ್ಟೆ. ಬೆಳ್ಳಿ, ಕಂಚು, ಹಿತ್ತಾಳೆಯ ವಯಸ್ಸನ್ನು ಅದು ಹೇಳುವುದಿಲ್ಲ. ಸುಟ್ಟ ಮಣ್ಣಿನ ವಸ್ತುಗಳಿಗೆ ಥರ್ಮೋಲುಮಿನೆಸೆನ್ಸ್ ಎಂಬ ಬೇರೆ ವಿಧಾನವಿದೆ, ಅದಕ್ಕೂ ವಸ್ತುವಿನಿಂದ ಚೂರು ತೆಗೆಯಬೇಕು. ಮರದ ಒರೆಯನ್ನು ಪರೀಕ್ಷಿಸಿದರೂ ಗೊತ್ತಾಗುವುದು ಆ ಮರ ಬೆಳೆದ ಕಾಲ, ಒರೆ ಮಾಡಿದ ಕಾಲವಲ್ಲ. ಹಳೆಯ ತೊಲೆ ಸೀಳಿ ಹೊಸ ಒರೆ ಮಾಡುವುದು ಕಷ್ಟವೇನಲ್ಲ.

ಪ್ರಮಾಣಪತ್ರಗಳ ಬಗ್ಗೆ ಇನ್ನೂ ಒಂದು ಮಾತು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಚೋಳರ ನಟರಾಜನನ್ನು ಕೊಂಡಿತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. ವಿಗ್ರಹ ಅಸಲಿ, ಅದರ ಹಿಂದಿನ ಮಾಲೀಕರ ಕಾಗದಪತ್ರ ನಕಲಿ. ತಮಿಳುನಾಡಿನ ಶ್ರೀಪುರಂತನ್ ದೇವಾಲಯದಿಂದ ಕದ್ದದ್ದು ಅದು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದಶಕಗಳ ಹಿಂದೆ ದೇವಾಲಯಗಳಲ್ಲಿ ತೆಗೆದಿಟ್ಟಿದ್ದ ಚಿತ್ರಗಳು ಇಂಥ ಕಳವುಗಳನ್ನು ಗುರುತಿಸಲು ನೆರವಾದವು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. ಅಷ್ಟು ದೊಡ್ಡ ಸಂಸ್ಥೆಯೇ ಕಾಗದ ನಂಬಿ ಕೆಟ್ಟಿತು. ಕಾಗದ ಕೊಟ್ಟವರು ಯಾರು, ಆ ಕಚೇರಿ ನಿಜವಾಗಿ ಇದೆಯೇ, ಅವರಿಗೇ ಫೋನ್ ಮಾಡಿದರೆ ಒಪ್ಪುತ್ತಾರೆಯೇ ಎಂದು ನೋಡದೆ ಬರಿಯ ಮುದ್ರೆಯನ್ನು ನಂಬಬೇಡಿ.

ನಿವೃತ್ತ_ಸುಬೇದಾರ್

ನಮ್ಮ ಜಿಲ್ಲೆಯಲ್ಲಿ ಹೆಚ್ಚು ನಡೆಯುವ ಮೋಸ ಬೇರೆಯೇ ಇದೆ. ಮಾರುವವನು ತಾನು ಸೇನೆಯಲ್ಲಿದ್ದೇನೆ, ವರ್ಗಾವಣೆ ಆಗಿದೆ, ಅಜ್ಜನ ಸಾಮಾನು ಮಾರಿ ಹೋಗುತ್ತಿದ್ದೇನೆ ಎನ್ನುತ್ತಾನೆ. ಸೇನೆಯ ಗುರುತಿನ ಚೀಟಿಯ ಚಿತ್ರ ಕಳಿಸುತ್ತಾನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಲ್ಲಿ ಸಮವಸ್ತ್ರದ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ ಎಂದು ಅವನಿಗೆ ಗೊತ್ತು. ಸೇವೆಯಲ್ಲಿರುವ ಯಾವ ಯೋಧನೂ ತನ್ನ ಗುರುತಿನ ಚೀಟಿಯನ್ನು ಅಪರಿಚಿತರಿಗೆ ಮೊಬೈಲ್‌ನಲ್ಲಿ ಕಳಿಸುವುದಿಲ್ಲ, ಕಳಿಸಲೂಬಾರದು. ಆ ಚೀಟಿಯೇ ಸುಳ್ಳಿನ ಗುರುತು ಎಂದು ತಿಳಿಯಿರಿ.

ನೀವೇ ಏನನ್ನಾದರೂ ಮಾರಲು ಹೊರಟರೂ ಅಷ್ಟೇ. "ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾರೆ. ಹಣ ಪಡೆಯಲು ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಯುವ ಅವಕಾಶ ಆಗ ಹೆಚ್ಚು.

ಹಳೆನಾಣ್ಯ_ಕುಶಾಲನಗರ

ನಾಣ್ಯಗಳ ಮಾತು ಯಾರೂ ಎತ್ತಲಿಲ್ಲ, ಆದರೆ ಮೋಸ ಅತಿ ಹೆಚ್ಚು ಅಲ್ಲಿಯೇ. ಹನುಮಂತನೋ ರಾಮ ಪಟ್ಟಾಭಿಷೇಕವೋ ಇರುವ, "ಈಸ್ಟ್ ಇಂಡಿಯಾ ಕಂಪನಿ 1818" ಎಂದು ಬರೆದ ದಪ್ಪ ತಾಮ್ರದ ಬಿಲ್ಲೆಗಳನ್ನು ಲಕ್ಷ ಲಕ್ಷಕ್ಕೆ ಹೇಳುತ್ತಾರೆ. ಕಂಪನಿ ಅಂಥ ಆಣೆ ಹೊರಡಿಸಲೇ ಇಲ್ಲ, ಅವೆಲ್ಲ ಇತ್ತೀಚೆಗೆ ಮಾಡಿದ ಕಾಲ್ಪನಿಕ ಬಿಲ್ಲೆಗಳು. ಅವು ಅಕ್ಕಿ ಸೆಳೆಯುತ್ತವೆ, ಇರಿಡಿಯಂ ಇದೆ ಎನ್ನುವ "ರೈಸ್ ಪುಲ್ಲರ್" ಕಥೆ ಶುರುವಾದರೆ ಮಾತು ಅಲ್ಲಿಗೇ ನಿಲ್ಲಿಸಿ ಎದ್ದು ಬನ್ನಿ.

ಬೆಳ್ಳಿ ರೂಪಾಯಿಗೆ ಮನೆಯಲ್ಲೇ ಪರೀಕ್ಷೆ ಇದೆ. 1835ರಿಂದ 1939ರವರೆಗಿನ ಕಂಪನಿಯ ಮತ್ತು ಬ್ರಿಟಿಷ್ ರೂಪಾಯಿಗಳ ತೂಕ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. ಸವೆದದ್ದು ಸ್ವಲ್ಪ ಕಡಿಮೆ ತೂಗಬಹುದು, ಆದರೆ 9 ಗ್ರಾಂ ತೂಗುವುದು ಬೆಳ್ಳಿಯಲ್ಲ. ನಾಣ್ಯವನ್ನು ದಾರದಲ್ಲಿ ನೀರಿಗೆ ಇಳಿಬಿಟ್ಟು ತೂಕದ ವ್ಯತ್ಯಾಸದಿಂದ ಸಾಂದ್ರತೆ ನೋಡಿದರೆ ಬೆಳ್ಳಿಯದು 10.3ರ ಹತ್ತಿರ ಬರಬೇಕು, ಹಿತ್ತಾಳೆ ಎಂಟೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆ ಕಂಡರೆ ಅದು ಎರಕ ಹೊಯ್ದದ್ದು. ಟಂಕಸಾಲೆಯಲ್ಲಿ ಒತ್ತಿದ್ದರಲ್ಲಿ ಇವು ಇರುವುದಿಲ್ಲ. ಅಯಸ್ಕಾಂತದ ಪರೀಕ್ಷೆ ಮಾಡುವಾಗ ಒಂದು ವಿಷಯ ನೆನಪಿಡಿ: 1947ರ ರೂಪಾಯಿ ನಿಕ್ಕಲ್, ಅಸಲಿಯೂ ಅಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು ನಕಲಿ ಎಂದು ಎಸೆಯಬೇಡಿ, ಬೆಳ್ಳಿ ಎಂದು ಕೊಳ್ಳಲೂಬೇಡಿ. 1939ರ ರೂಪಾಯಿ ಅಪರೂಪ, ಆದ್ದರಿಂದ 1938ರ ಕೊನೆಯ ಅಂಕೆಯನ್ನು ತಿದ್ದಿ 9 ಮಾಡಿ ಮಾರುತ್ತಾರೆ. ಭೂತಗನ್ನಡಿ ಹಿಡಿದು ಆ ಅಂಕೆಯ ಸುತ್ತ ಗೀರು ಇದೆಯೇ ನೋಡಿ.

ಇನ್ನೊಂದು ಮೋಸದಲ್ಲಿ ವಸ್ತುವೇ ಇರುವುದಿಲ್ಲ. "ನಿಮ್ಮ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷ ರೂಪಾಯಿ ಕೊಡುತ್ತೇವೆ, ರಿಸರ್ವ್ ಬ್ಯಾಂಕ್ ಶುಲ್ಕ ಮೊದಲು ಕಟ್ಟಿ" ಎನ್ನುತ್ತಾರೆ. ಹಳೆಯ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕೆ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ.

ಬೆಂಗಳೂರಿನಲ್ಲಿ_ಕೊಡಗಿನವಳು

ನಾನು ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ಮಾರುವವರೆಲ್ಲ ಕಳ್ಳರಲ್ಲ. ಅಜ್ಜಿ ಹೇಳಿದ್ದನ್ನು ನಂಬಿ "ಇನ್ನೂರು ವರ್ಷದ್ದು" ಎಂದು ಪ್ರಾಮಾಣಿಕವಾಗಿ ಬರೆಯುವವರಿದ್ದಾರೆ. ಹೊಸದಾಗಿ ಮಾಡಿದ ಪೀಚೆಕತ್ತಿ, ಹೊಸ ತೂಕ್‌ಬೊಳ್ಚ (ತೂಗುದೀಪ), ಸ್ವಾಮಿಮಲೈಯ ಶಿಲ್ಪಿಗಳ ಹೊಸ ಕಂಚು, ಹೊಸದೆಂದೇ ಹೇಳಿ ಮಾರಿದರೆ ಅದು ಒಳ್ಳೆಯ ಕಸುಬು, ಮೋಸವಲ್ಲ. ತಪ್ಪಿರುವುದು ಸುಳ್ಳು ವಯಸ್ಸಿನಲ್ಲಿ. ಹಳೆಯ ಗ್ರಾಮೋಫೋನ್‌ಗಳದೂ ಇದೇ ಕಥೆ. ಹೊಳೆಯುವ ಹೊಸ ಹಿತ್ತಾಳೆಯ ಕೊಂಬು, ಹೊಸ ಮರದ ಪೆಟ್ಟಿಗೆ, ಒಳಗೆ ಎಲ್ಲಿಂದಲೋ ತಂದ ಹಳೆಯ ಮೋಟಾರು, ಮೇಲೊಂದು ನಾಯಿಯ ಚಿತ್ರ. ಪ್ಲಾಂಟರ್ ಬಂಗಲೆಯದು ಎಂದರೆ ಬೆಲೆ ಮೂರು ಪಟ್ಟು. ತಳದ ಸ್ಕ್ರೂಗಳನ್ನು ತೋರಿಸಲು ಹೇಳಿ. ಕೂಡಿಸುವ ಗುರುತಿನಂಥ ಕಚ್ಚು ಇರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1910ರ ಪೆಟ್ಟಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಪ್ರಾಮಾಣಿಕರನ್ನು ಗುರುತಿಸುವುದೂ ಕಲಿಯಬೇಕು. ಅವರು ಒಡಕು, ಬೆಸುಗೆ, ಬದಲಾಯಿಸಿದ ಭಾಗ ಎಲ್ಲವನ್ನೂ ಕೇಳುವ ಮೊದಲೇ ತೋರಿಸುತ್ತಾರೆ. "ನನಗೆ ಖಚಿತವಿಲ್ಲ" ಎಂದು ಹೇಳಲು ಹಿಂಜರಿಯುವುದಿಲ್ಲ. ಬಂದು ನೋಡಿ ಎನ್ನುತ್ತಾರೆ. ಅವಸರ ಮಾಡುವುದಿಲ್ಲ.

ಕಕ್ಕಬ್ಬೆ_ಕಾಫಿ

ಎಲ್ಲರಿಗೂ ವಂದನೆಗಳು. ನೀವು ಹೇಳಿದಂತೆ ಕೇಳಿದೆ. ಇಂದಿನ ದಿನಪತ್ರಿಕೆಯ ಪಕ್ಕದಲ್ಲಿ, ಅಳತೆಪಟ್ಟಿ ಇಟ್ಟು, ಒರೆಯ ಹಿಂಬದಿ ಕಾಣುವಂತೆ ಚಿತ್ರ ಕಳಿಸಿ ಎಂದೆ. ಹಳೆಯ ಮೂರು ಚಿತ್ರಗಳನ್ನೇ ಮತ್ತೆ ಕಳಿಸಿದರು. ಅವುಗಳನ್ನು ಚಿತ್ರದ ಮೂಲಕ ಹುಡುಕುವ ಸೌಲಭ್ಯದಲ್ಲಿ ಹಾಕಿದಾಗ ಒಂದು ಚಿತ್ರ ವಿದೇಶದ ಹರಾಜು ಸಂಸ್ಥೆಯೊಂದರ ಪುಟದಲ್ಲಿ ಸಿಕ್ಕಿತು, ಹಿನ್ನೆಲೆಯ ಬಟ್ಟೆಯ ಮಡಿಕೆಗಳೂ ಒಂದೇ. ಮಡಿಕೇರಿಯಲ್ಲೇ ಇದ್ದೀರಲ್ಲ, ಬಂದು ನೋಡುತ್ತೇನೆ ಎಂದೆ. ಈಗ ಹೈದರಾಬಾದಿನಲ್ಲಿದ್ದೇನೆ ಎಂದರು. ನೋಂದಣಿಯ ಕಾಗದ ಕೇಳಿದ ಮೇಲೆ ಉತ್ತರ ಬಂದಿಲ್ಲ, ಜಾಹೀರಾತು ಮಾತ್ರ ಬೇರೆ ಹೆಸರಿನಲ್ಲಿ ಮತ್ತೆ ಬಂದಿದೆ, ಈ ಬಾರಿ 38,000ಕ್ಕೆ.

ಗೋಣಿಕೊಪ್ಪದ_ವಕೀಲೆ

ಎರಡೂ ಜಾಹೀರಾತುಗಳ ಪರದೆಚಿತ್ರ, ಫೋನ್ ಸಂಖ್ಯೆ, ಮಾತುಕತೆ ಎಲ್ಲವನ್ನೂ ಅಳಿಸದೆ ಇಟ್ಟುಕೊಳ್ಳಿ. ಆ ತಾಣಕ್ಕೂ ಸೈಬರ್ ಅಪರಾಧ ಪೋರ್ಟಲ್‌ಗೂ ದೂರು ಕೊಡಿ. ಹಣ ಹೋಗದಿದ್ದರೂ ಕೊಡಬಹುದು. ಆನೆದಂತ ಎಂದು ಬರೆದಿರುವುದರಿಂದ ಅರಣ್ಯ ಇಲಾಖೆಗೂ ತಿಳಿಸಿ. ಕೊಂಡು ಮೋಸಹೋದವರು ಯಾರಾದರೂ ಓದುತ್ತಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪೊಟ್ಟಣ ಬಂದಾಗ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೋ ಮಾಡಿದ್ದರೆ ಗ್ರಾಹಕ ಆಯೋಗದಲ್ಲಿ ಅದು ದೊಡ್ಡ ಬಲ.

ಅಕ್ಕಸಾಲಿ_ವಿರಾಜಪೇಟೆ

ಮದುವೆಗೆ ಐನ್‌ಮನೆಯದನ್ನೇ ತನ್ನಿ. ನಿಮ್ಮ ಮನೆಗೆ ಹೊಸದು ಮಾಡಿಸಿ, ಅದರ ಮೇಲೆ ಇಸವಿ ಕೆತ್ತಿಸಿ. ಹಳೆಯ ಕಸುಬಿನ ನೋಟ ಕಣ್ಣಿಗೆ ಹತ್ತಬೇಕಾದರೆ ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಅಸಲಿಯನ್ನು ಸಾಕಷ್ಟು ನೋಡಿದ ಕಣ್ಣಿಗೆ ನಕಲಿ ತಾನಾಗಿ ಚುಚ್ಚುತ್ತದೆ.

ನಾಪೋಕ್ಲು_ದೇವರಕಾಡು

ಕೊಳ್ಳುವವರ ಮಾತಾಯಿತು, ಉಳಿಸಿಕೊಳ್ಳುವವರ ಮಾತೂ ಇರಲಿ. ಅಯ್ಯಪ್ಪನ ದೇವರಕಾಡಿನಲ್ಲಿ ಹರಕೆಗೆ ಇಡುವ ಮಣ್ಣಿನ ನಾಯಿಗಳನ್ನು "ಬುಡಕಟ್ಟು ಕಲೆ, ಅಪರೂಪದ ಟೆರಾಕೋಟಾ" ಎಂದು ಮಾರಾಟಕ್ಕೆ ಇಟ್ಟದ್ದನ್ನು ನೋಡಿದೆ. ಹೊಸದಾಗಿ ಮಾಡಿದ್ದಾದರೆ ವಯಸ್ಸು ಸುಳ್ಳು. ಪಾಚಿ ಹಿಡಿದು ಕಿವಿ ಮುರಿದದ್ದು ನಿಜವಾಗಿ ಹಳೆಯದಾದರೆ ಅದು ಯಾರದೋ ಹರಕೆ, ಕಾಡಿನಿಂದ ಕದ್ದದ್ದು. ಎರಡರಲ್ಲಿ ಯಾವುದನ್ನೂ ಕೊಳ್ಳಬಾರದು. ಹಾಗೆಯೇ ಹಳೆಯ ಐನ್‌ಮನೆಗಳ ಫೋಟೋ ತೆಗೆಯುತ್ತೇವೆ ಎಂದು ಬಂದು, ಕೆತ್ತನೆಯ ಕಂಬ ಎಷ್ಟು, ತೂಗುದೀಪ ಎಷ್ಟು, ಮನೆಯಲ್ಲಿ ಯಾರು ಇರುತ್ತಾರೆ ಎಂದು ಕೇಳಿಕೊಂಡು ಹೋಗುವವರಿದ್ದಾರೆ. ಮನೆಗೆ ಬೀಗ ಹಾಕಿ ಊರು ಬಿಟ್ಟಿರುವ ಕುಟುಂಬಗಳು ಹೆಚ್ಚು.

ನಮ್ಮ ಒಕ್ಕದಲ್ಲಿ (ಮನೆತನದಲ್ಲಿ) ಈ ಸಲದ ಕೈಲ್‌ಪೊಳ್ದು ಹಬ್ಬಕ್ಕೆ ಆಯುಧಗಳನ್ನೆಲ್ಲ ಹೊರಗೆ ತೆಗೆದು ಪೂಜೆಗೆ ಇಟ್ಟಾಗ ಒಂದೊಂದರ ಚಿತ್ರವನ್ನೂ ಎರಡು ಬದಿಯಿಂದ ತೆಗೆದು, ಉದ್ದ, ತೂಕ, ಒಡಕಿನ ಗುರುತು ಬರೆದು ಎರಡು ಪ್ರತಿ ಮಾಡಿದೆವು. ಒಂದು ಪ್ರತಿ ಒಕ್ಕದ ಹಿರಿಯರಾದ ಪಟ್ಟೆದಾರರ ಬಳಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲಿ. ಯಾವುದನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಲಿಲ್ಲ. ಹೇಗೆ ಬರೆಯಬೇಕು ಎಂಬ ನಮೂನೆ ಬೇಕಾದವರು ಕೇಳಿ, ಬೇರೆ ಒಕ್ಕದವರಿಗೂ ಕಳಿಸುತ್ತೇನೆ.